‘ಸಕತ್ ಬೇಜಾರು’ ತಪ್ಪೇ?

ಹಾಸನದಿಂದ ಓದುಗರೊಬ್ಬರು ಕೇಳಿದ್ದಾರೆ: ‘ಹತ್ತನೇ ಕ್ಲಾಸಿನ ಮಗಳು ಪ್ರಬಂಧದಲ್ಲಿ “ಅಂದು ಸಕತ್ ಬೇಜಾರಾಯಿತು” ಎಂದು ಬರೆದಿದ್ದಾಳೆ. ಸಕತ್ ಅಂದರೆ ಚೆನ್ನಾಗಿದೆ ಅಂತಲ್ಲವೇ? ಬೇಜಾರಿಗೆ ಅದು ಹೇಗೆ ಹೊಂದುತ್ತದೆ? ಶಕ್ತಿ ಎಂಬುದೇ ಹೀಗಾಯಿತೇ? ಸಕತ್ತೋ, ಸಖತ್ತೋ?’

ಉತ್ತರ: ಮಗಳ ವಾಕ್ಯ ಸರಿಯಾಗಿಯೇ ಇದೆ. ಶಕ್ತಿಗೂ ಇದಕ್ಕೂ ನಂಟಿಲ್ಲ. ಇದು ಪಾರಸಿಯ ‘ಸಖ್ತ್’. ಗಟ್ಟಿ, ಕಠಿಣ ಎಂದು ಅರ್ಥ. ಉರ್ದುವಿನಲ್ಲಿ ವಿಪರೀತ ಸೆಕೆಗೆ ‘ಸಖ್ತ್ ಗರ್ಮಿ’ ಅನ್ನುತ್ತಾರೆ, ಮರಾಠಿಯಲ್ಲಿ ಜೈಲಿನ ಕಠಿಣ ದುಡಿಮೆಯ ಶಿಕ್ಷೆಗೆ ‘ಸಕ್ತಮಜುರಿ’. ಅಂದಹಾಗೆ ಬೇಜಾರೂ ಪಾರಸಿಯದೇ. ಹೊಗಳಿಕೆ ಈ ಪದಕ್ಕೆ ಆಮೇಲೆ ಅಂಟಿಕೊಂಡದ್ದು, ಅದೂ ವಾಕ್ಯದ ಕೆಲವು ಜಾಗಗಳಲ್ಲಿ ಮಾತ್ರ.

‘ಹುಳಿ ಸಕತ್ ಖಾರ ಆಗಿದೆ’ ಅಂದರೆ ದೂರು. ನಡುವಿನ ‘ಖಾರ’ ತೆಗೆಯಿರಿ: ‘ಹುಳಿ ಸಕತ್ ಆಗಿದೆ’. ಅಡುಗೆ ಮಾಡಿದವರ ಮುಖ ಅರಳುತ್ತದೆ. ಮುಂದೆ ಇನ್ನೊಂದು ಗುಣದ ಮಾತಿದ್ದರೆ ಸಕತ್ ಬರೀ ಅಳತೆ ಹೇಳುತ್ತದೆ. ಒಂಟಿಯಾಗಿ ನಿಂತಾಗ ಮೆಚ್ಚುಗೆಯಾಗುತ್ತದೆ. ಅನುಮಾನ ಬಂದರೆ ಆ ಜಾಗದಲ್ಲಿ ‘ತುಂಬಾ’ ಇಟ್ಟು ನೋಡಿ. ‘ತುಂಬಾ ಬೇಜಾರು’ ನಿಲ್ಲುತ್ತದೆ, ಹಾಗಾಗಿ ಅದು ಅಳತೆ. ‘ಸಿನಿಮಾ ತುಂಬಾ ಆಗಿದೆ’ ನಿಲ್ಲುವುದಿಲ್ಲ, ಅಲ್ಲಿರುವುದು ಮೆಚ್ಚುಗೆ.

ನಾಮಪದದ ಮುಂದೆ ಬಂದಾಗ ಸ್ವಲ್ಪ ಎಚ್ಚರ ಬೇಕು. ‘ಸಕತ್ ಮಳೆ’, ‘ಸಕತ್ ಜನ’ ಎಂದರೆ ಹೆಚ್ಚು ಎಂದೇ. ‘ಸಕತ್ ಬೈಕು’ ಎಂದರೆ ಒಳ್ಳೆಯ ಬೈಕು, ಬಹಳ ಬೈಕುಗಳಲ್ಲ. ‘ಸಕತ್ ಊಟ’ ಎರಡೂ ಕಡೆ ವಾಲುತ್ತದೆ: ‘ಸಕತ್ ಊಟ ಮಾಡ್ದೆ’ ಅಂದವರು ಹೊಟ್ಟೆ ಬಿರಿಯ ತಿಂದಿರಬಹುದು, ರುಚಿಯಾದದ್ದನ್ನು ತಿಂದಿರಬಹುದು. ‘ಸಕತ್ತಾಗಿ’ಯೂ ಕ್ರಿಯಾಪದವನ್ನು ನೋಡಿಕೊಂಡೇ ನಡೆಯುತ್ತದೆ. ಸಕತ್ತಾಗಿ ಹಾಡಿದರೆ ಚೆನ್ನಾಗಿ, ಸಕತ್ತಾಗಿ ಬೈದರೆ ಖಾರವಾಗಿ. ಪಾರಸಿಯ ಹಳೆಯ ಗಡಸುತನ ಈ ಬೈಗುಳದಲ್ಲಿ ಇನ್ನೂ ಉಳಿದಿದೆ, ನಮಗೆ ಬಹಳ ಹಿಡಿಸುವ ಸಂಗತಿ ಇದು. ‘ಇಲ್ಲ’ದ ಜೊತೆ ಮಾತ್ರ ಇದಕ್ಕೆ ಒಗ್ಗುವುದಿಲ್ಲ, ‘ಸಕತ್ ಚೆನ್ನಾಗಿಲ್ಲ’ ಅನ್ನುವುದಿಲ್ಲ, ‘ಅಷ್ಟೇನೂ ಚೆನ್ನಾಗಿಲ್ಲ’ ಅನ್ನುತ್ತೇವೆ.

ಬೆಂಗಳೂರು, ಮೈಸೂರಿನ ಕಡೆ ಸಕತ್ ಅನ್ನುವಲ್ಲಿ ಧಾರವಾಡದವರ ಬಾಯಲ್ಲಿ ಹೆಚ್ಚಾಗಿ ‘ಮಸ್ತ್’ ಬರುತ್ತದೆ. ಅದೂ ಪಾರಸಿ, ಮೂಲದಲ್ಲಿ ಅಮಲೇರಿದ ಎಂಬ ಅರ್ಥ. ಮಂಗಳೂರಿನವರು ‘ಭಾರೀ ಲಾಯ್ಕ್’ ಅನ್ನುತ್ತಾರೆ.

ಇನ್ನು ಕಾಗುಣಿತ. ‘ಸಖತ್’ ಮೂಲಕ್ಕೆ ಹತ್ತಿರ, ‘ಸಕತ್’ ಬಾಯಿಗೆ ಹತ್ತಿರ. ಕೊನೆಯ ‘ಖ್ತ್’ ನಮ್ಮ ನಾಲಿಗೆಗೆ ತೊಡಕು, ಅದಕ್ಕೇ ನಡುವೆ ಒಂದು ಅಕಾರ ಸೇರಿಸಿಕೊಂಡಿದ್ದೇವೆ. ‘ಸಕ್ಕತ್’ ಒತ್ತಿ ಹೇಳುವಾಗಿನ ರೂಪ, ಸಂಭಾಷಣೆಗೆ ಚೆನ್ನ. ನಾವು ಸಕತ್ ಎಂದೇ ಅಚ್ಚು ಹಾಕುತ್ತೇವೆ. ‘ಆಗಿ’ ಸೇರಿದಾಗ ತಕಾರ ಇಮ್ಮಡಿಯಾಗಬೇಕು: ಸಕತ್ತಾಗಿ, ‘ಸಕತಾಗಿ’ ಅಲ್ಲ.

ಪರೀಕ್ಷೆಯ ಪ್ರಬಂಧದಲ್ಲಿ ಮಗಳು ‘ತುಂಬಾ ಬೇಜಾರಾಯಿತು’ ಎಂದು ಬರೆಯಲಿ, ಅಲ್ಲಿ ಆಡುಮಾತಿಗೆ ಅಂಕ ಕಳೆಯುವವರಿದ್ದಾರೆ. ಗೆಳತಿಗೆ ಬರೆಯುವಾಗ ಸಕತ್ತನ್ನೇ ಇಟ್ಟುಕೊಳ್ಳಲಿ.