ಬೇಸಿಕ್ ಎಂಬ ಸಾಲು

ಮುಂದಿನ ತಿಂಗಳು ದುಬಾಯಿಯ ಬಹುರಾಷ್ಟ್ರೀಯ ಕಂಪನಿಯೊಂದರ ಎಚ್‌ಆರ್ ವಿಭಾಗಕ್ಕೆ ಸೇರಲಿರುವ ನೀವು ಕಾಸರಗೋಡಿನ ಪೆರ್ಲದಿಂದ ಮೂರು ಸಂಗತಿಗಳನ್ನು ಕೇಳಿದ್ದೀರಿ: ಬಾಡಿಗೆ ಎಷ್ಟು, ಮನೆಯವರನ್ನು ಯಾವಾಗ ಕರೆಸಿಕೊಳ್ಳಬಹುದು, ಕೊರೋನಾದಂಥ ಕಾಲ ಮತ್ತೆ ಬಂದರೆ ಹತ್ತಾರು ದೇಶಗಳ ಉದ್ಯೋಗಿಗಳನ್ನು ನಿಭಾಯಿಸುವುದು ಹೇಗೆ. ಬಾಡಿಗೆಯನ್ನು ಬಂದು ನೋಡಿಯೇ ತೀರ್ಮಾನಿಸಿ. ಆರಂಭಕ್ಕೆ ಕರಾಮದಲ್ಲೋ ದೇರಾದಲ್ಲೋ ಊರಿನವರೊಂದಿಗೆ ಕೋಣೆ ಹಂಚಿಕೊಂಡರೆ ಸಾಕು. ಮನೆಯವರ ವಿಚಾರ ಪ್ರೊಬೇಷನ್ ಮುಗಿದ ಮೇಲೆ ಇರಲಿ.

ಮೂರನೆಯದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು. 2007ರಲ್ಲಿ ಬಜ್ಪೆಯಿಂದ ವಿಮಾನ ಹತ್ತಿ ಬಂದ ನಾನು ಮಿಡಿ ಉಪ್ಪಿನಕಾಯಿಯ ಕಟ್ಟು ಬಿಚ್ಚುವ ಮೊದಲೇ, ಕೋಣೆಯಲ್ಲಿದ್ದ ಕುಂಬಳೆಯ ಹಿರಿಯರೊಬ್ಬರು ನನ್ನ ಕರಾರುಪತ್ರವನ್ನು ಕೇಳಿ ಪಡೆದು, ಒಟ್ಟು ಸಂಬಳದ ಅಂಕಿಯನ್ನು ಹೆಬ್ಬೆರಳಿನಿಂದ ಮುಚ್ಚಿ, "ಇದನ್ನು ಬಿಡು, ಬೇಸಿಕ್ ಎಂಬ ಸಾಲು ನೋಡು, ಭತ್ಯೆಗಳನ್ನು ಬಿಟ್ಟ ಮೂಲ ಸಂಬಳ, ಹೊರಡುವ ದಿನ ಲೆಕ್ಕಕ್ಕೆ ಬರುವುದು ಅದೊಂದೇ" ಎಂದಿದ್ದರು.

2020ರ ಮಾರ್ಚ್ 19ರಂದು ಊರಿಗೆ ಹೋಗಿದ್ದ ವೀಸಾದಾರರಿಗೂ ಯುಎಇ ಬಾಗಿಲು ಹಾಕಿತು. ಕೆಲವೇ ದಿನಗಳಲ್ಲಿ ವಿಮಾನಗಳೂ ನಿಂತವು. ಯಾರು ಯಾವ ದೇಶದಲ್ಲಿ ಸಿಕ್ಕಿಕೊಂಡಿದ್ದಾರೆ, ಯಾರ ಪಾಸ್‌ಪೋರ್ಟ್ ಎಂದು ಮುಗಿಯುತ್ತದೆ, ಒಂದೇ ಕೋಣೆಯಲ್ಲಿ ಆರು ಮಂದಿ ಮಲಗುವವರು ಯಾರು ಎಂಬ ಪಟ್ಟಿಯೇ ಎಚ್‌ಆರ್‌ನವರಾದ ನಮ್ಮ ಮೊದಲ ಕೆಲಸವಾಗಿತ್ತು. ಅಂಥ ಪಟ್ಟಿಯನ್ನು ನೀವು ಸೇರಿದ ವಾರವೇ ಮಾಡಿಟ್ಟುಕೊಳ್ಳಿ. ತಿಂಗಳ ಕೊನೆಗೆ ಕಾರ್ಮಿಕ ಸಚಿವಾಲಯದ 279ನೇ ನಿರ್ಣಯ ಬಂತು. ಮನೆಯಿಂದ ಕೆಲಸ, ಸಂಬಳಸಹಿತ ರಜೆ, ಸಂಬಳರಹಿತ ರಜೆ, ತಾತ್ಕಾಲಿಕ ಸಂಬಳ ಕಡಿತ, ಕೊನೆಗೆ ಖಾಯಂ ಸಂಬಳ ಕಡಿತ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ, ವಿದೇಶಿ ಉದ್ಯೋಗಿಯ ಒಪ್ಪಿಗೆ ಪಡೆದು ಕ್ರಮ ಕೈಗೊಳ್ಳಬಹುದೆಂದು ಅದರಲ್ಲಿತ್ತು.

ಆ ಒಪ್ಪಿಗೆ ಎಂಬ ಮಾತಿನಲ್ಲೇ ನಾನು ಎಡವಿದೆ. ನಮ್ಮ ಗೋದಾಮಿನಲ್ಲಿ ಒಂಬತ್ತು ವರ್ಷ ದುಡಿದಿದ್ದ, ಅದೇ ಕಾಸರಗೋಡಿನ ಉಪ್ಪಳ ಕಡೆಯ ಹುಡುಗನೊಬ್ಬನ ಸಹಿ ಬೇಕಿತ್ತು; ಕನ್ನಡ ಬರುತ್ತದೆಂದು ಮೇಲಿನವರು ನನ್ನನ್ನೇ ಕಳುಹಿಸಿದರು. ಆ ದಿನಗಳಲ್ಲಿ ಕರ್ನಾಟಕವು ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಿತ್ತು. ಅವನ ತಾಯಿಗೆ ವಾರಕ್ಕೆರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ಇದರ ಅರ್ಥವನ್ನು ಪೆರ್ಲದವರಾದ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಕೈಯಲ್ಲಿ ಫೋನ್ ಹಿಡಿದು ಊರಿನಲ್ಲಿ ಆಂಬುಲೆನ್ಸಿಗಾಗಿ ಯಾರನ್ನೋ ಬೇಡಿಕೊಳ್ಳುತ್ತಿದ್ದವನ ಮುಂದೆ ಅರಬಿ ಮತ್ತು ಇಂಗ್ಲಿಷಿನಲ್ಲಿದ್ದ ಕಾಗದವನ್ನಿಟ್ಟು, "ಎಲ್ಲರೂ ಸಹಿ ಹಾಕುತ್ತಿದ್ದಾರೆ, ಕೆಲಸ ಉಳಿಯುತ್ತದೆ" ಎಂದೆ. "ಅಣ್ಣ ಹೇಳಿದ ಮೇಲೆ ಓದುವುದೇನು" ಎಂದು ಅವನು ಸಹಿ ಹಾಕಿದ. ಅದು ತಾತ್ಕಾಲಿಕದ್ದಲ್ಲ, ಖಾಯಂ ಕಡಿತದ ಕಾಗದ.

ನವೆಂಬರಿನಲ್ಲಿ ಅವನ ಕೆಲಸ ಹೋಯಿತು. ಕೆಲಸ ಬಿಡುವಾಗ ಸಿಗುವ ಇಡಿಗಂಟಾದ ಗ್ರಾಚ್ಯುಟಿಯ ಲೆಕ್ಕ ನೋಡಿ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನ, ಅನಂತರ 30 ದಿನಗಳಂತೆ ಒಂಬತ್ತು ವರ್ಷಕ್ಕೆ 225 ದಿನಗಳ ಬೇಸಿಕ್. ಹಳೆಯ ಬೇಸಿಕ್ ತಿಂಗಳಿಗೆ 3,000 ದಿರ್ಹಮ್ ಎಂಬ ಲೆಕ್ಕದಲ್ಲಿ 22,500 ಬರಬೇಕಿದ್ದದ್ದು, ಇಳಿಸಿದ 2,000ದ ಮೇಲೆ 15,000 ಆಯಿತು. ನಡುವಿನ ಅಂತರ ಆಗಿನ ದರದಲ್ಲಿ ಸುಮಾರು ಒಂದೂವರೆ ಲಕ್ಷ ರೂಪಾಯಿ. ಕೊನೆಯ ಬೇಸಿಕ್ ಮೇಲೆಯೇ ಲೆಕ್ಕವೆಂದು ನನಗೆ 2007ರಿಂದಲೂ ಗೊತ್ತಿತ್ತು. ಸುಳ್ಳು ಹೇಳಲಿಲ್ಲವೆಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಫಿಲಿಪ್ಪೀನ್ಸಿನ ಸಹೋದ್ಯೋಗಿಯೊಬ್ಬಳು ಅದೇ ಕಾಗದವನ್ನು ಮನೆಗೊಯ್ದು ಓದಿ, ಆರು ತಿಂಗಳಿಗಷ್ಟೇ ಎಂದು ಬರೆಸಿಕೊಂಡೇ ಸಹಿ ಹಾಕಿದ್ದಳು. ಅವಳಿಗೆ ಕಚೇರಿಯಲ್ಲಿ ಅಣ್ಣನಿರಲಿಲ್ಲ.

2022ರಲ್ಲಿ ಕಾರ್ಮಿಕ ಕಾನೂನು ಬದಲಾದರೂ ಗ್ರಾಚ್ಯುಟಿ ನಿಂತಿರುವುದು ಕೊನೆಯ ಬೇಸಿಕ್ ಮೇಲೆಯೇ. ಆದ್ದರಿಂದ ಅಂಥ ಕಾಗದ ನಿಮ್ಮ ಕೈಗೆ ಬಂದರೆ ಎರಡೂ ಮೊತ್ತಗಳನ್ನು ಉದ್ಯೋಗಿಯ ಭಾಷೆಯಲ್ಲೇ ಬರೆದುಕೊಡಿ, ಎರಡು ರಾತ್ರಿ ಸಮಯ ಕೊಡಿ, ನಮ್ಮೂರಿನವನಾದರೆ ಮಾತನಾಡಲು ಬೇರೆಯವರನ್ನು ಕಳುಹಿಸಿ. ನಾನು ಈಗ ಹಾಗೆ ಮಾಡುತ್ತೇನೆ.

ಅವನು ಈಗ ಊರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಕಳೆದ ರಜೆಯಲ್ಲಿ ತೋಟಕ್ಕೆ ಪೈಪು ಕೊಳ್ಳಲು ಹೋದಾಗ, "ಅಣ್ಣ ಯಾವಾಗ ಬಂದದ್ದು?" ಎಂದು ಸ್ಟೂಲು ಎಳೆದು ಕೂರಿಸಿ, ಬಿಲ್ಲಿನಲ್ಲಿ ಮೇಲಿನ ನಲವತ್ತು ರೂಪಾಯಿ ಬಿಟ್ಟುಕೊಟ್ಟ.