ಮೇಜು ಇಳಿಸಿದ ಮಾತ್ರಕ್ಕೆ ಇಬ್ಬರ ಹಾಸಿಗೆ ಆಗುವುದಿಲ್ಲ

ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಮನೆಯ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ನಿಲ್ಲುವುದೇ ಇಲ್ಲ. ಊಟದ ಮೇಜು-ಬೆಂಚಿನ ಜಾಗದಲ್ಲಿ ಗಂಡ ಹೆಂಡತಿ ಇಬ್ಬರೂ ಮಲಗುವ ಹಾಗೆ ಮಾಡುವುದು ಹೇಗೆ? ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಯಾರದೋ ಮಾತು ಕೇಳಿ ಬೆಂಚು ಕುಯ್ದಾದ ಮೇಲೆ ಕೇಳುವವರನ್ನು ಕಂಡರಂತೂ ಸಿಟ್ಟೇ ಬರುತ್ತದೆ. ಈ ಸಲ ಜಾಗವೆಲ್ಲ ಆ ಪ್ರಶ್ನೆಗೇ. ಉಳಿದವಕ್ಕೆ ಒಂದೆರಡು ಸಾಲು. ಪ್ಲೈವುಡ್ ಕುಯ್ಯುವುದು, ಸ್ಕ್ರೂ ಹಾಕುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ. ಅದು ಬಾರದಿದ್ದರೆ ಬಡಗಿಯನ್ನು ಕರೆಯಿರಿ.

ಪ್ರಶ್ನೆ: ಬೆಂಗಳೂರಿನಿಂದ ಹಳೆಯ ಸಣ್ಣ ಟ್ರೇಲರ್ ಒಂದನ್ನು ತಂದಿದ್ದೇವೆ. ಒಂದು ಪಕ್ಕ ಎದುರುಬದುರು ಎರಡು ಬೆಂಚು, ನಡುವೆ ಮೇಜು. ಮೇಜು ಇಳಿಸಿ, ಬೆನ್ನಿಗಿಡುವ ದಿಂಬು ಹಾಸಿದರೆ 74 ಇಂಚು ಉದ್ದ, 40 ಇಂಚು ಅಗಲ ಸಿಗುತ್ತದೆ. ನಮ್ಮನೆಯವರು ಆರಡಿ ಎತ್ತರ. ಇಬ್ಬರೂ ಮಲಗಿದರೆ ನಾನು ಕೆಳಗೆ ಬೀಳುವುದೊಂದು ಬಾಕಿ. ಬೆಂಚು ಎರಡನ್ನೂ ಕಿತ್ತು ಒಂದು ಮಂಚ ಕೂರಿಸೋಣ ಅಂತ ನಮ್ಮ ಬಡಗಿ ಹೇಳುತ್ತಾರೆ. ಮಾಡಿಸಬಹುದಾ? — ತೀರ್ಥಹಳ್ಳಿಯ ಓದುಗರು

ಉತ್ತರ: ಬೇಡ. ಬೆಂಚು ಕೀಳಲೇಬೇಡಿ.

ಹಳೆಯ ಸಣ್ಣ ಟ್ರೇಲರ್‌ಗಳಲ್ಲಿ ಹೆಚ್ಚಿನವಕ್ಕೆ ಗೋಡೆ ಅಂದರೆ ತೆಳ್ಳಗಿನ ಮರದ ಚೌಕಟ್ಟು, ಹೊರಗೆ ತಗಡು, ಒಳಗೆ ಸಣಕಲು ಪ್ಲೈ. ಅಷ್ಟೇ. ಬೆಂಚಿನ ಪೆಟ್ಟಿಗೆ ಗೋಡೆಯನ್ನೂ ನೆಲವನ್ನೂ ಹಿಡಿದುಕೊಂಡಿರುವುದರಿಂದ ಬಾಡಿ ಬಿಗಿಯಾಗಿರುತ್ತದೆ. ಅದನ್ನು ಕಿತ್ತು ನಮ್ಮ ಗುಂಡಿ ರಸ್ತೆಯಲ್ಲಿ ಎಳೆದರೆ ಗೋಡೆ ಅಲುಗಾಡಲು ಶುರುವಾಗುತ್ತದೆ. ಮೂಲೆಯ ಜಾಯಿಂಟ್ ಬಿಡುತ್ತದೆ. ಆಮೇಲೆ ಮಳೆನೀರು ಒಳಗೆ ಇಳಿಯುತ್ತದೆ, ಚೌಕಟ್ಟು ಕೊಳೆಯುತ್ತದೆ. ಫೈಬರ್ ಬಾಡಿಯಲ್ಲಿ ಬೆಂಚನ್ನು ಬಾಡಿಯ ಜೊತೆಗೇ ಅಚ್ಚು ಹಾಕಿದ್ದರೆ ಅದನ್ನು ಕುಯ್ಯುವ ಮಾತೇ ಇಲ್ಲ. ಪೆಟ್ಟಿಗೆಯ ಒಳಗೆ ಚಕ್ರವನ್ನು ಮುಚ್ಚುವ ಗುಮ್ಮಟ, ನೀರಿನ ಟ್ಯಾಂಕು, ವೈರು ಕೂಡ ಇರಬಹುದು. ಮನೆಗೆ ಮಂಚ ಮಾಡುವ ಬಡಗಿಗೆ ಇದೆಲ್ಲ ಗೊತ್ತಿರಬೇಕಾಗಿಲ್ಲ. ಗೊತ್ತಿಲ್ಲದೆ ಸಲಹೆ ಕೊಡುವುದು ಮಾತ್ರ ತಪ್ಪು.

ಈಗ ಅಗಲದ ವಿಷಯ. ಒಬ್ಬರಿಗೆ ಕನಿಷ್ಠ 24 ಇಂಚು ಅಂತ ಇಟ್ಟುಕೊಂಡರೆ ಇಬ್ಬರಿಗೆ 48 ಇಂಚು ಬೇಕು. ನಿಮಗೆ 8 ಇಂಚು ಕಡಿಮೆ ಬೀಳುತ್ತಿದೆ. 10 ಇಂಚು ಸೇರಿಸಿ, 50 ಮಾಡಿಕೊಳ್ಳಿ. ಉದ್ದ 74 ಇಂಚು ಇದೆ. ಆರಡಿ ಅಂದರೆ 72. ಸಾಲುತ್ತದೆ, ಆದರೆ ತಲೆಯ ಕಡೆ ಗೋಡೆಗೆ ಯಾವ ಶೆಲ್ಫೂ ಹೊಡೆಯಬೇಡಿ.

ಆ 10 ಇಂಚು ಓಡಾಡುವ ಜಾಗದಿಂದಲೇ ಬರಬೇಕು. ಒಳ ಅಗಲ 78 ಇಂಚು, ಅಡುಗೆ ಕಟ್ಟೆ 20 ಇಂಚು ಇದ್ದರೆ ಈಗ ನಡುವೆ 18 ಇಂಚು ದಾರಿ ಇದೆ. ಹಾಸಿಗೆ ಹಾಕಿದ ಮೇಲೆ 8 ಇಂಚು ಉಳಿಯುತ್ತದೆ. ಅಡ್ಡಡ್ಡ ಹೆಜ್ಜೆ ಇಟ್ಟು ದಾಟಬಹುದು, ಅಷ್ಟೆ. ಅದಕ್ಕೇ ಕುಯ್ಯುವ ಮುಂಚೆ ನೆಲದ ಮೇಲೆ ಟೇಪು ಅಂಟಿಸಿ ನೋಡಿ. ಬಾಗಿಲು ಪೂರ್ತಿ ತೆರೆಯುತ್ತದಾ, ರಾತ್ರಿ ಎದ್ದು ಹೊರಗೆ ಹೋಗಬಹುದಾ ನೋಡಿ. ಬಾಗಿಲಿಗೆ ಅಡ್ಡ ಬರುವ ಹಾಸಿಗೆಯನ್ನು ನಾನು ಯಾರಿಗೂ ಮಾಡಿಕೊಡುವುದಿಲ್ಲ. ಬೆಂಕಿ ಬಿದ್ದರೆ ಓಡುವ ದಾರಿ ಅದೊಂದೇ. ಬಾಗಿಲು ಕಾಲಿನ ಕಡೆ ಇದ್ದರೆ ಅಲ್ಲಿ 10ರ ಬದಲು 5-6 ಇಂಚು ಸೇರಿಸಿ. ಅಗಲ ಬೇಕಾಗಿರುವುದು ಭುಜಕ್ಕೆ ಮತ್ತು ಸೊಂಟಕ್ಕೆ. ಪಾದಕ್ಕೆ ಅಷ್ಟು ಬೇಡ.

ಹಾಸಿಗೆ ಅಗಲ ಮಾಡಲು ಜಾಸ್ತಿ ಜನ ಕೇಳುವುದು ಜಾರುವ ಪಟ್ಟಿಗಳನ್ನು. ಬಾಚಣಿಗೆ ಹಲ್ಲಿನ ಹಾಗೆ ಒಂದರ ನಡುವೆ ಒಂದು ಸರಿದು ಹೊರಗೆ ಬರುವಂಥವು. ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ. ಅವೆಲ್ಲ ಒಣ ಊರುಗಳ ವಿಡಿಯೋ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೇಲೆ ಮಳೆ ಸುರಿಯುತ್ತದೆ. ಜೂನ್ ಬಂತೆಂದರೆ ನಮ್ಮ ಮನೆಗಳ ಬಾಗಿಲು, ಡ್ರಾಯರ್ ಎಲ್ಲ ಉಬ್ಬಿ ಹಿಡಿದುಕೊಳ್ಳುವುದು ನಿಮಗೆ ಗೊತ್ತೇ ಇದೆ. ಆ ಪಟ್ಟಿಗಳೂ ಹಾಗೆಯೇ ಹಿಡಿದುಕೊಳ್ಳುತ್ತವೆ. ಮಲೆನಾಡಿಗೆ ಮಡಚುವ ಹಲಗೆಯೇ ಸರಿ.

ಎರಡೂ ಬೆಂಚಿನ ದಾರಿ ಕಡೆಯ ಅಂಚಿಗೆ 10 ಇಂಚು ಅಗಲದ ಒಂದೊಂದು ಹಲಗೆಯನ್ನು ಪಿಯಾನೊ ಹಿಂಜ್‌ನಿಂದ (ಅಂಚಿನುದ್ದಕ್ಕೂ ಬರುವ ಒಂದೇ ಉದ್ದನೆಯ ಕೀಲು) ಸೇರಿಸಿ. ಹಗಲು ಅದು ಬೆಂಚಿನ ಪಕ್ಕಕ್ಕೆ ಕೆಳಮುಖವಾಗಿ ನೇತಾಡುತ್ತದೆ. ಬೆಂಚು 16-18 ಇಂಚು ಎತ್ತರ ಇರುತ್ತದಲ್ಲ, ನೆಲಕ್ಕೆ ತಾಗುವುದಿಲ್ಲ. ಮೇಜಿಗೆ ಮೂರನೆಯ ಹಲಗೆ. ಅದು ಮೇಜಿನ ಅಡಿಗೆ ಮಡಚಿಕೊಳ್ಳಲಿ. 12 ಮಿ.ಮೀ. ಪ್ಲೈ ಸಾಕು. ಹಲಗೆ ಹಲಗೆಯ ನಡುವೆ 3 ಮಿ.ಮೀ. ಸಂದು ಬಿಡಿ, ಮಳೆಗಾಲದಲ್ಲಿ ಉಬ್ಬಲು ಜಾಗ ಬೇಕು. ಇವುಗಳ ಹೊರ ಅಂಚಿನ ಅಡಿಗೆ 74 ಇಂಚು ಉದ್ದದ ಒಂದು ರೀಪು, 2 ಇಂಚು ಎತ್ತರ, ಒಂದೂವರೆ ಇಂಚು ದಪ್ಪ. ಅದಕ್ಕೆ ಮಡಚುವ ನಾಲ್ಕು ಕಾಲು. ಎರಡು ತುದಿಗಳಲ್ಲಿ, ಉಳಿದೆರಡು ಬೆಂಚು ಮುಗಿಯುವ ಗೆರೆಯಲ್ಲಿ. ಕಾಲಿನ ಕೆಳಗೆ ಅಂಗೈ ಅಗಲದ ಪ್ಲೈ ತುಂಡು ಹೊಡೆಯಿರಿ. ಟ್ರೇಲರ್ ನೆಲ ತೆಳು, ಚೂಪು ಕಾಲು ಚುಚ್ಚಿಕೊಂಡು ಇಳಿಯುತ್ತದೆ. ಬೆಳಗ್ಗೆ ಕಾಲು ಮಡಚಿ ರೀಪನ್ನು ಬೆಂಚಿನ ಬುಡಕ್ಕೆ ಕಟ್ಟಿಬಿಡಿ. ಎಲ್ಲ ಸೇರಿ ಹತ್ತು ಕಿಲೋ ಒಳಗೆ ಮುಗಿಯುತ್ತದೆ.

ಇನ್ನು ಮೇಜು. ಮೇಜೇ ಮುಖ್ಯ, ಇದನ್ನು ಯಾರೂ ಕೇಳುವುದೇ ಇಲ್ಲ! ಮಲಗಿದಾಗ ನಿಮ್ಮ ಸೊಂಟ ಬರುವುದು ನೆಟ್ಟಗೆ ಮೇಜಿನ ಮೇಲೆ. ಹೆಚ್ಚಿನ ಭಾರವೂ ಅಲ್ಲಿಯೇ. ಊಟಕ್ಕೆ ಇಟ್ಟ ಒಂಟಿ ಕಾಲನ್ನು ನಂಬಿ ಇಬ್ಬರು ಮಲಗಬಾರದು. ಎರಡೂ ಬೆಂಚಿನ ಮುಖಕ್ಕೆ ಉದ್ದಕ್ಕೂ ರೀಪು ಹೊಡೆದು ಮೇಜು ಅದರ ಮೇಲೆ ಕೂರಬೇಕು. ಸ್ಕ್ರೂ ಒಳಗಿನ ಚೌಕಟ್ಟಿಗೆ ಹಿಡಿಯಬೇಕು, ಬರೀ ಪ್ಲೈಗಲ್ಲ. ಮೇಜಿನ ಹಲಗೆ 18 ಮಿ.ಮೀ. ಇರಲಿ. ಅಡಿಯಲ್ಲಿ ಬೆಂಚಿನಿಂದ ಬೆಂಚಿಗೆ ಹೋಗುವ ಹಾಗೆ ಎರಡು ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಅಂಟಿಸಿ. ಇಲ್ಲದಿದ್ದರೆ ಮೇಜು ನಡುವೆ ಬಗ್ಗುತ್ತದೆ. ಬೆಳಗ್ಗೆ ಸೊಂಟ ಹಿಡಿದುಕೊಂಡಿತು ಅಂತ ದೂರುವವರಲ್ಲಿ ತುಂಬಾ ಜನರ ಮೇಜು ಹೀಗೆ ಬಗ್ಗಿರುತ್ತದೆ. ಅವರು ಹೋಗಿ ದುಬಾರಿ ಹಾಸಿಗೆ ಕೊಂಡು ತರುತ್ತಾರೆ!

ಮರಕ್ಕೆ ಸಾಗವಾನಿ ಅಥವಾ ಸಿಲ್ವರ್ ಓಕ್ ಸಾಕು. ಮನೆಯ ಅಟ್ಟದಲ್ಲಿ ಮತ್ತಿ ಹಲಗೆ ಇದೆ, ಗಟ್ಟಿ ಅಲ್ವಾ ಅಂತ ಕೇಳುತ್ತೀರಿ. ಗಟ್ಟಿ ಹೌದು, ಭಾರವೂ ಅಷ್ಟೇ. ಎಳೆಯುವುದು ನಿಮ್ಮ ಕಾರು. ಪ್ಲೈಗೆ ಐಎಸ್ 710 (ನೀರು ತಾಳುವ ಪ್ಲೈಗೆ ಇರುವ ಭಾರತೀಯ ಮಾನಕ) ಮುದ್ರೆ ಇರುವ ಮರೈನ್ ಪ್ಲೈಯನ್ನೇ ಕೇಳಿ. ಅಂಗಡಿಯವರು ಬಾಯಲ್ಲಿ 'ವಾಟರ್‌ಪ್ರೂಫ್' ಅಂದರೆ ಸಾಲದು, ಹಲಗೆಯ ಮೇಲೆ ಮುದ್ರೆ ಕಾಣಬೇಕು. ಕುಯ್ದ ಅಂಚುಗಳಿಗೆಲ್ಲ ವಾರ್ನಿಷ್ ಹಚ್ಚಿ.

ಸ್ಪಂಜಿನ ವಿಷಯದಲ್ಲೂ ಒಂದು ತಪ್ಪು ಪದೇ ಪದೇ ನಡೆಯುತ್ತದೆ. ಕೂರುವ ದಿಂಬು ದಪ್ಪ, ಒರಗುವ ದಿಂಬು ತೆಳು. ತೆಳ್ಳಗಿನದು ಹೋಗಿ ಸೊಂಟದ ಜಾಗಕ್ಕೆ ಕೂರುತ್ತದೆ! ಎಲ್ಲವನ್ನೂ ಒಂದೇ ಶೀಟಿನಿಂದ ಮಾಡಿಸಿ, 40 ಡೆನ್ಸಿಟಿ, 4 ಇಂಚು. 10 ಇಂಚಿನ ಪಟ್ಟಿಯನ್ನು ಬಿಡಿಯಾಗಿ ಇಡಬೇಡಿ, ದಾರಿಗೆ ಜಾರಿ ಬೀಳುತ್ತದೆ. ಪಕ್ಕದ ದಿಂಬಿಗೆ ವೆಲ್ಕ್ರೊ ಹಾಕಿ ಅಂಟಿಸಿ. ಹೊದಿಕೆ ರೆಕ್ಸಿನ್ ಬೇಡ, ದಪ್ಪ ಹತ್ತಿ ಬಟ್ಟೆ ಇರಲಿ. ಬೂರುಗದ ಹತ್ತಿ ಹಾಸಿಗೆ ಮನೆಗೆ ಚೆನ್ನ, ಟ್ರೇಲರಿಗಲ್ಲ. ಆಟಿ ತಿಂಗಳ ಮಳೆಯ ತೇವ ಹೀರಿ ಮುದ್ದೆಯಾದರೆ ಅಲ್ಲಿ ಒಣಗಿಸುವುದೆಲ್ಲಿ?

ಕೊನೆಗೆ ಗಾಳಿ. ಇಬ್ಬರು ರಾತ್ರಿಯಿಡೀ ಉಸಿರಾಡಿದರೆ ಅರ್ಧ ಲೀಟರ್‌ನಷ್ಟು ನೀರು ಆವಿಯಾಗಿ ಹೊರಗೆ ಬರುತ್ತದೆ. ತಗಡಿನ ಗೋಡೆ ತಣ್ಣಗಿರುತ್ತದೆ, ಸ್ಪಂಜಿನ ಅಡಿ ಹಲಗೆಯೂ ತಣ್ಣಗಿರುತ್ತದೆ. ನೀರು ಅಲ್ಲಿ ಕಟ್ಟುತ್ತದೆ. ವಾರ ಕಳೆದರೆ ಕಪ್ಪು ಬೂಸಲು. ಬೆಂಚಿನ ಹಲಗೆಗೆ 6 ಇಂಚಿಗೊಂದರಂತೆ 1 ಇಂಚಿನ ತೂತು ಕೊರೆಯಿರಿ. ಗೋಡೆಗೂ ಸ್ಪಂಜಿಗೂ ನಡುವೆ ಒಂದು ಬೆರಳು ಬಿಡಿ. ಎಂಥ ಮಳೆಯಿರಲಿ, ಎದುರುಬದುರಿನ ಎರಡು ಕಿಟಕಿಗಳನ್ನು ಎರಡೆರಡು ಬೆರಳು ತೆರೆದೇ ಮಲಗಿ. ಬೆಳಗ್ಗೆ ದಿಂಬುಗಳನ್ನು ಎತ್ತಿ ನಿಲ್ಲಿಸಿ.

ಕಾರಿನಿಂದ ಬಿಚ್ಚಿದ ಟ್ರೇಲರಿನಲ್ಲಿ ಮಲಗುವ ಮುಂಚೆ ನಾಲ್ಕು ಮೂಲೆಯ ಸ್ಟ್ಯಾಂಡ್ ಇಳಿಸಿ, ಚಕ್ರಕ್ಕೆ ಅಡ್ಡ ಕೊಡಿ. ಹಾಸಿಗೆ ಅಕ್ಸೆಲಿನ ಹಿಂದೆ ಇದ್ದರೆ ಇಬ್ಬರ ಭಾರಕ್ಕೆ ಮೂತಿ ಮೇಲೆದ್ದು ಟ್ರೇಲರ್ ಹಿಂದಕ್ಕೆ ವಾಲಬಹುದು.

ಪ್ರಶ್ನೆ: ಬೆಂಚಿನ ಪೆಟ್ಟಿಗೆ ಖಾಲಿ ಇದೆ. 5 ಕಿಲೋ ಗ್ಯಾಸ್ ಸಿಲಿಂಡರ್ ಅಲ್ಲಿಡಬಹುದಾ? — ಸಾಗರ

ಉತ್ತರ: ಇಡಬಾರದು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಕೂರುತ್ತದೆ. ನೀವು ಮಲಗಿರುವುದೂ ನೆಲದಿಂದ ಒಂದೂವರೆ ಅಡಿ ಮೇಲೆ. ಸಿಲಿಂಡರ್ ಹೊರಗಿರಲಿ.

ಪ್ರಶ್ನೆ: ಚಳಿಗಾಲದಲ್ಲಿ ಕೊಡಚಾದ್ರಿ ಬುಡದಲ್ಲಿ ತಂಗುತ್ತೇವೆ. ಅಗ್ಗಿಷ್ಟಿಕೆಯಲ್ಲಿ ಸ್ವಲ್ಪ ಕೆಂಡ ಒಳಗಿಟ್ಟರೆ ಬೆಚ್ಚಗಿರುತ್ತದೆ, ಹೊಗೆ ಇಲ್ಲದಿದ್ದರೆ ಅಪಾಯವಿಲ್ಲ ಅಂತಾರೆ. — ಹೊಸನಗರ

ಉತ್ತರ: ಹಾಗೆ ಹೇಳಿದವರ ಮಾತು ಇನ್ನು ಯಾವತ್ತೂ ಕೇಳಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಕಿಟಕಿ ತೆರೆದಿದ್ದರೂ ಬೇಡ. ಒಂದು ಕಂಬಳಿ ಜಾಸ್ತಿ ಹೊದೆಯಿರಿ.

ಪ್ರಶ್ನೆ: ಬೂಸಲು ಬಾರದಂತೆ ಹಲಗೆಗೆ ಸುಟ್ಟ ಎಂಜಿನ್ ಆಯಿಲ್ ಬಳಿಯಬಹುದಾ? — ಭದ್ರಾವತಿ

ಉತ್ತರ: ಬೇಲಿ ಕಂಬಕ್ಕೂ ನಾನು ಬೇಡ ಅನ್ನುತ್ತೇನೆ, ಮೂಗಿನ ಕೆಳಗಿರುವ ಹಾಸಿಗೆಗೆ ಹಚ್ಚುತ್ತೀರಾ? ಪೆಟ್ಟಿಗೆಯಲ್ಲಿ ನುಸಿಗುಳಿಗೆಯನ್ನೂ ಹಾಕಬೇಡಿ.

ಪ್ರಶ್ನೆ: ಉತ್ತರಕ್ಕೆ ತಲೆ ಬಾರದ ಹಾಗೆ ಹಾಸಿಗೆ ತಿರುಗಿಸುವುದು ಹೇಗೆ? — ಶಿವಮೊಗ್ಗ

ಉತ್ತರ: ಟ್ರೇಲರ್ ದಿನಕ್ಕೊಂದು ದಿಕ್ಕಿಗೆ ನಿಲ್ಲುತ್ತದೆ. ಜಾಗ ಇಳಿಜಾರಾಗಿದ್ದರೆ ಎತ್ತರದ ಕಡೆಗೆ ತಲೆ ಹಾಕಿ.

ಪ್ರಶ್ನೆ: ಮಕ್ಕಳು ಆ ಹಾಸಿಗೆಯಲ್ಲಿ ಮಲಗಿಕೊಂಡೇ ಆಗುಂಬೆ ಘಾಟಿ ಇಳಿಯಬಹುದಾ? — ಶೃಂಗೇರಿ

ಉತ್ತರ: ಇಲ್ಲ. ಟ್ರೇಲರ್ ಚಲಿಸುವಾಗ ಒಳಗೆ ಮಕ್ಕಳಿರಲಿ, ದೊಡ್ಡವರಿರಲಿ, ನಾಯಿ ಕೂಡ ಇರಬಾರದು. ಸೀಟ್‌ಬೆಲ್ಟ್ ಇಲ್ಲ, ಒಳಗೆ ಏನಾದರೂ ಆದರೆ ಡ್ರೈವರಿಗೆ ಗೊತ್ತಾಗುವುದಿಲ್ಲ. ಅದೂ 14 ಹೇರ್‌ಪಿನ್ ತಿರುವಿನ ಘಾಟಿಯಲ್ಲಿ! ಮಕ್ಕಳನ್ನು ಕಾರಿನಲ್ಲಿ ಬೆಲ್ಟ್ ಹಾಕಿ ಕೂರಿಸಿ. ಟ್ರೇಲರ್ ಕಟ್ಟಿಕೊಂಡು ಆ ಘಾಟಿ ಇಳಿಯುವ ಯೋಚನೆಯನ್ನೂ ಬಿಡಿ.