ಐಸ್‌ಲ್ಯಾಂಡ್ ದೇಶ ಪೂರ್ತಿ ಸುತ್ತೋ ರಿಂಗ್ ರೋಡ್ ಐದು ದಿನದಲ್ಲಿ ಮುಗಿಸಬಹುದಾ? ಚಿಕ್ಕ ಕಾರು ಸಾಕಾ, ಫೋರ್ ಬೈ ಫೋರ್ ಬೇಕಾ?

ಅಕ್ಟೋಬರ್ ಕೊನೆ, ನಾಲ್ಕು ಜನ, ಐದು ದಿನ, ಹೋಟೆಲ್ ಎಲ್ಲಾ ಮೊದಲೇ ಬುಕ್ಕು, ಬಲಗಡೆ ಓಡಿಸೋದೊಂದೇ ಭಯ ಅಂತ ಪ್ರಶ್ನೇಲಿ ಬರ್ದಿದೀರಲ್ಲ, ಹಿಂದೆ ಹೀಗೇ ಹೊರಟಿದ್ದೋನು ನಾನೇ ಸಾರ್. ನಾನು, ನನ್ನ ಹೆಂಡ್ತಿ, ಬಾಮೈದ, ಅವನ ಹೆಂಡ್ತಿ. ಡಿಕ್ಕಿ ತುಂಬ ಚಪಾತಿ, ಚಟ್ನಿಪುಡಿ. ಚಾರ್ಮಾಡೀಲಿ ಮಳೆಗಾಲದ ರಾತ್ರಿ ಮಂಜಲ್ಲಿ ಕೆಂಪು ಬಸ್ಸಿನ ಹಿಂದೆ ಇಳ್ಸಿರೋನು ನಾನು, ಇಡೀ ದೇಶದಲ್ಲಿ ದಾವಣಗೆರೆ ಊರಲ್ಲಿರೋಷ್ಟೂ ಜನ ಇಲ್ಲ, ಅಲ್ಲೇನ್ ಮಹಾ ಅಂತ ಹೋದೆ.

ಮೊದಲ್ನೇ ದಿನ ಎಲ್ಲಾ ಸರಿ ಇತ್ತು. ಇಂಡಿಕೇಟರ್ ಹಾಕೋಕೆ ಹೋಗಿ ವೈಪರ್ ಹಾಕ್ದೆ, ಹಿಂದಿನ ಸೀಟಲ್ಲಿ ನಗಾಡಿದ್ರು, ಅಷ್ಟೇ. ಎರಡನೇ ದಿನ ಬೆಳಗ್ಗೆ ವೀಕ್ ಅನ್ನೋ ಊರಿಂದ ಪೂರ್ವಕ್ಕೆ ಹೊರಟ್ವಿ, ರಾತ್ರಿ ಹೊಫ್ನ್‌ನಲ್ಲಿ ರೂಮು, ಸುಮಾರು 270 ಕಿಲೋಮೀಟರ್. ಅಲ್ಲಿ ರಸ್ತೆ ಪಕ್ಕ ಎಲೆಕ್ಟ್ರಾನಿಕ್ ಬೋರ್ಡ್ ಇರತ್ತೆ, ಮುಂದೆ ಟೆಂಪರೇಚರ್ ಎಷ್ಟು, ಗಾಳಿ ಎಷ್ಟು, ಮಧ್ಯ ಮಧ್ಯ ಬರೋ ಜೋರು ಬೀಸು ಎಷ್ಟು ಅಂತ ತೋರ್ಸತ್ತೆ. ಗಾಳಿ 19, ಬೀಸು 28 ಅಂತಿತ್ತು. ನಾನೇ ಹೇಳಿದ್ದು ಕಣ್ರೀ, ಈಗ್ಲೂ ಮನೇಲಿ ಅದನ್ನ ಎತ್ತಿ ಆಡ್ಕೋತಾರೆ, "28 ಅಂದ್ರೆ ಅಪ್ಪ ಲೂನಾ ಓಡಿಸ್ತಿದ್ದ ಸ್ಪೀಡು, ಇದಕ್ಕೂ ಒಂದು ಬೋರ್ಡಾ".

ಅದು ಗಂಟೆಗೆ ಕಿಲೋಮೀಟರ್ ಅಲ್ಲ. ಸೆಕೆಂಡಿಗೆ ಮೀಟರ್. ಈ ಒಂದು ಸಾಲನ್ನ ದಯವಿಟ್ಟು ಎರಡು ಸಲ ಓದ್ಕೊಳ್ಳಿ, ಯಾಕಂದ್ರೆ ನಾನು ವೀಸಾ, ಐಡಿಪಿ (ಹೊರದೇಶದಲ್ಲಿ ಗಾಡಿ ಓಡಿಸೋ ಪರ್ಮಿಟ್ಟು), ಇನ್ಶೂರೆನ್ಸ್ ಎಲ್ಲಾದಕ್ಕೂ ಫೈಲ್ ಮಾಡಿದ್ದೆ, ಇದೊಂದು ಮಾತ್ರ ನೋಡಿರ್ಲಿಲ್ಲ. ನಮ್ಮ ಫೋನಲ್ಲಿ ಹವಾಮಾನದ ಆಪ್ ಗಾಳೀನ ಕಿಲೋಮೀಟರಲ್ಲೇ ತೋರಿಸ್ತಿತ್ತು, ಕಣ್ಣಿಗೆ ಅದೇ ರೂಢಿ. ಅಲ್ಲಿನ ನಂಬರ್‌ನ 3.6ರಿಂದ ಗುಣಿಸ್ಬೇಕು. 19 ಅಂದ್ರೆ 68, 28 ಅಂದ್ರೆ 101. ಅಲ್ಲಿ ಡಾಂಬರು ರಸ್ತೇಲಿ ಕಾರಿಗೆ ಲಿಮಿಟ್ಟೇ 90 (ಜಲ್ಲಿ ರಸ್ತೇಲಿ 80), ಅಂದ್ರೆ ನನ್ನ ಕಾರಿಗಿಂತ ಸ್ಪೀಡಾಗಿ ಗಾಳಿ ಹೋಗ್ತಿತ್ತು, ನಾನು ಲೂನಾ ಅಂತಿದ್ದೆ. ಸ್ಟೀರಿಂಗ್ ಒಂದ್ಕಡೆ ಎಳೀತಿದ್ದಾಗ್ಲೂ ಬಾಡಿಗೆ ಕಾರಲ್ವಾ, ಅಲೈನ್‌ಮೆಂಟ್ ಹೋಗಿರ್ಬೇಕು ಅಂದ್ಕೊಂಡೆ. ಎದುರಿಗೆ ಗಾಡಿಗಳೇ ಬರ್ತಿರ್ಲಿಲ್ಲ, ಆಹಾ ಏನ್ ಖಾಲಿ ರಸ್ತೆ ಅಂತ ಖುಷಿ ಬೇರೆ. ಅಲ್ಲಿನ ಜನ ಯಾಕೆ ಮನೇಲಿದಾರೆ ಅಂತ ಯೋಚ್ನೆನೇ ಬರ್ಲಿಲ್ಲ.

ಸ್ಕಾಫ್ಟಫೆಲ್ ಹತ್ರ ರಸ್ತೆ ಪಕ್ಕ ಸೊಟ್ಟಗಾಗಿರೋ ದೊಡ್ಡ ಉಕ್ಕಿನ ಗರ್ಡರ್‌ಗಳನ್ನ ನಿಲ್ಸಿದಾರೆ. 1996ರಲ್ಲಿ ಹಿಮಗಡ್ಡೆ ಕೆಳಗೆ ಜ್ವಾಲಾಮುಖಿ ಎದ್ದು, ನೀರು ನುಗ್ಗಿ, ಅಲ್ಲಿನ ಸೇತುವೆಗಳು ಕೊಚ್ಕೊಂಡು ಹೋಯ್ತಲ್ಲ, ಅದ್ರ ಅವಶೇಷ. 1974ರಲ್ಲಿ ಅಲ್ಲಿ ಸ್ಕೇಯ್ದರಾ ನದಿಗೆ ಸೇತುವೆ ಆದ್ಮೇಲೇನೇ ರಿಂಗ್ ರೋಡ್ ರಿಂಗ್ ಆಗಿದ್ದು. ಫೋಟೋ ತೆಗೀಬೇಕಲ್ಲ, ಪಾರ್ಕಿಂಗಿಗೆ ಹಾಕ್ದೆ, ಗಾಳಿ ಯಾವ ಕಡೆಯಿಂದ ಅಂತ ನೋಡ್ಲಿಲ್ಲ, ಅದು ಹಿಂದಿನಿಂದ ಬೀಸ್ತಿತ್ತು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಡೋರ್ ಹ್ಯಾಂಡಲ್ ಎಳೆದೆ ಅಷ್ಟೇ, ಕೈಯಿಂದ ಕಿತ್ಕೊಂಡು ಹೋಯ್ತು. ಕಾರಿನ ಡೋರಿಗೆ ಕೀಲು ಇರೋದು ಮುಂದ್ಗಡೆ, ಹಿಂದಿನ ಗಾಳಿ ಒಳಗೆ ಹೊಕ್ಕರೆ ಕೊಡೆ ಉಲ್ಟಾ ಆಗೋ ಹಾಗೆ ಡೋರು ಮುಂದಕ್ಕೆ ಮಡಚ್ಕೊಳತ್ತೆ. ಢಣ್ ಅಂತ ಸೌಂಡು. ಕೀಲು ಬಗ್ಗಿ, ಮುಂದಿನ ಫೆಂಡರ್ ನುಗ್ಗಾಗಿ, ಡೋರ್ ವಾಪಸ್ ಕೂರ್ತಾನೇ ಇಲ್ಲ. ಮೂಗಿನ ಕಡೆಯಿಂದ ಗಾಳಿ ಬರೋ ಹಾಗೆ ನಿಲ್ಸಿದ್ರೆ ಅದೇ ಗಾಳಿ ಡೋರನ್ನ ಮುಚ್ಚೋಕೆ ತಳ್ಳತ್ತೆ, ತೆಗಿಯೋಕೆ ಕಷ್ಟ, ಮುರಿಯಲ್ಲ. (ಆಗ್ಲೂ ಎರಡೂ ಕೈಯಲ್ಲಿ ಹಿಡ್ಕೊಂಡೇ ತೆಗೀರಿ, ಮಕ್ಕಳ ಕೈಗೆ ಕೊಡ್ಬೇಡಿ.) ಇಷ್ಟೇ ವಿಷ್ಯ. ಕಾರು ತಿರುಗಿಸಿ ನಿಲ್ಸೋಕೆ ಹತ್ತು ಸೆಕೆಂಡ್ ಸಾಕಿತ್ತು.

ಹೆಂಡ್ತಿ ಶಾಲಲ್ಲಿ ಡೋರ್ ಕಟ್ಟಿ, ಇನ್ನೊಂದು ತುದಿ ಬಾಮೈದ ಹಿಂದಿನ ಸೀಟಿಂದ ಹಿಡ್ಕೊಂಡು, 20ರಲ್ಲಿ ತೆವಳ್ಕೊಂಡು ಫ್ರೇಸ್ನೆಸ್ ಪೆಟ್ರೋಲ್ ಬಂಕಿನವರೆಗೂ ಹೋದ್ವಿ. ಕಾರಿನವ್ರಿಗೆ ಫೋನ್ ಮಾಡಿದ್ರೆ ಆ ಹುಡುಗಿ ಕೇಳಿದ ಮೊದಲನೇ ಮಾತು, "ಗಾಳಿಗಾ?" ನಾನು ಜಲ್ಲಿ ಹೊಡೆತದ್ದು, ಮರಳು ಬೂದಿದ್ದು ಎಲ್ಲಾ ಇನ್ಶೂರೆನ್ಸ್ ತಗೊಂಡಿದ್ದೆ. ಡೋರ್ ಗಾಳಿಗೆ ಹೋದ್ರೆ ಅದ್ಯಾವುದ್ರಲ್ಲೂ ಬರಲ್ಲ ಅಂತ ಸಣ್ಣಕ್ಷರದಲ್ಲಿ ಇತ್ತು. ಕ್ರೆಡಿಟ್ ಕಾರ್ಡಿಂದ ನಮ್ಮ ದುಡ್ಡಲ್ಲಿ ಎರಡು ಲಕ್ಷದ ಹತ್ರ ಹೋಯ್ತು. ತಪ್ಪು ಅವ್ರದ್ದಲ್ಲ, ಓದದೆ ಸೈನ್ ಹಾಕಿದ್ದು ನಾನು.

ಈಗ ನಿಮ್ಮ ಪ್ರಶ್ನೆಗೆ. ಕಾರು ಯಾವುದು ಅನ್ನೋದು ಪ್ರಶ್ನೆನೇ ಅಲ್ಲ. ಫೋರ್ ಬೈ ಫೋರ್ ಕಡ್ಡಾಯ ಇರೋದು ಒಳನಾಡಿನ ಎಫ್ ನಂಬರ್ ರಸ್ತೆಗಳಿಗೆ, ನೀವು ಹೋಗೋ ಹೊತ್ತಿಗೆ ಅವೆಲ್ಲ ಮುಚ್ಚಿರತ್ತೆ ಅನ್ಕೊಳ್ಳಿ. ಗಾಳಿಗೆ ಎತ್ತರದ ಗಾಡಿನೇ ಇನ್ನೂ ಕೆಟ್ಟದ್ದು. ತಗ್ಗಾಗಿರೋ, ಟೈರ್ ಚೆನ್ನಾಗಿರೋ ಕಾರು ತಗೊಳ್ಳಿ, ಮುಗೀತು.

ಬಲಗಡೆ ಓಡಿಸೋದೂ ಭಯ ಪಡೋ ಅಂಥದ್ದಲ್ಲ, ಟ್ರಾಫಿಕ್ ಇದ್ದಾಗ ಎಲ್ರ ಹಿಂದೆ ಹೋಗ್ತೀರಿ. ಮರೆಯೋದು ಬೆಳಗ್ಗೆ, ಖಾಲಿ ಪೆಟ್ರೋಲ್ ಬಂಕಿಂದ ಆಚೆ ಬರುವಾಗ. ಅಲ್ಲಿ ಪಕ್ಕದ ಸೀಟಲ್ಲಿರೋರು "ಬಲಗಡೆ" ಅಂತ ಬಾಯ್ಬಿಟ್ಟು ಹೇಳೋ ರೂಲ್ಸ್ ಮಾಡ್ಕೊಳ್ಳಿ, ಹೆಂಡ್ತಿಗೆ ಆ ಕೆಲ್ಸ ಕೊಟ್ರೆ ಯಾವತ್ತೂ ಮರೆಯಲ್ಲ. ಎರಡು ಲೇನಿನ ರೌಂಡ್‌ಅಬೌಟಲ್ಲಿ ಒಳಗಡೆ ಲೇನ್‌ನೋರಿಗೆ ಮೊದಲ ಹಕ್ಕು. ಒಂದೇ ಗಾಡಿ ಅಗಲದ ಸೇತುವೆಗೆ ಹತ್ರ ಇರೋರು ಮೊದ್ಲು ಹೋಗ್ತಾರೆ, ನಮ್ಮೂರ ಥರ ಹೆಡ್‌ಲೈಟ್ ಮಿಣುಕಿಸಿ ನುಗ್ಬೇಡಿ. ಹಗಲಲ್ಲೂ ಲೈಟ್ ಆನ್ ಇರ್ಲೇಬೇಕು. ಫೋಟೋಗೆ ಅಂತ ರಸ್ತೆ ಮೇಲೆ ನಿಲ್ಸೋದು ಮಾತ್ರ ಮಾಡ್ಲೇಬೇಡಿ, ಅಲ್ಲಿ ಗಾಡಿ ಸೈಡಿಗೆ ಹಾಕೋಕೆ ರಸ್ತೆಗೆ ಅಂಚೇ ಇಲ್ಲ. ಐಡಿಪಿ ಆರ್‌ಟಿಓದಲ್ಲಿ ಮಾಡಿಸ್ಕೊಂಡ್ರೆ ಒಂದು ವರ್ಷ ನಡೆಯತ್ತೆ.

ಐದು ದಿನದಲ್ಲಿ ಪೂರ್ತಿ ಸುತ್ತು? ಬೇಡ. ಸುಮಾರು 1,300 ಕಿಲೋಮೀಟರ್ ಅಂದ್ರೆ ದಿನಕ್ಕೆ 260 ತಾನೆ ಅಂತ ನೀವು ಲೆಕ್ಕ ಹಾಕಿರ್ತೀರಿ, ನಾನೂ ಹಾಕಿದ್ದೆ. ಆ ಹೊತ್ತಿಗೆ ಸಂಜೆ ಐದೂವರೆ ಆರಕ್ಕೆಲ್ಲ ಕತ್ತಲೆ. ಅದಕ್ಕಿಂತ ದೊಡ್ಡ ತೊಂದ್ರೆ, ಇವತ್ತು ಗಾಳಿ ಇದೆ, ಹೊರಡೋದು ಬೇಡ ಅನ್ನೋಕೆ ನಿಮ್ ಹತ್ರ ಒಂದು ದಿನಾನೂ ಉಳಿದಿಲ್ಲ. ಆವತ್ತು ವೀಕ್‌ನಲ್ಲಿ ನಮ್ಮ ಹೋಟೆಲಿನ ಅಜ್ಜ "ನಾಳೆ ಹೋಗಿ" ಅಂತ ಎರಡು ಸಲ ಹೇಳಿದ್ರು. ಹೊಫ್ನ್‌ನ ರೂಮಿಗೆ ಕಟ್ಟಿದ ದುಡ್ಡು ವಾಪಸ್ ಬರಲ್ಲ ಅಂತ ಹೊರಟಿದ್ದು ನಾವು. ಹದಿನೆಂಟು ಸಾವಿರ ಉಳಿಸೋಕೆ.

ದಕ್ಷಿಣ ತೀರ ಒಂದೇ ಮಾಡಿ. ಸೆಲ್ಯಾಲಂಡ್ಸ್‌ಫೋಸ್, ಸ್ಕೋಗಾಫೋಸ್ ಜಲಪಾತ, ವೀಕ್, ಹಿಮಗಡ್ಡೆ ತೇಲೋ ಯೋಕುಲ್ಸಾರ್ಲೋನ್ ಸರೋವರ ನೋಡಿ ಅದೇ ರಸ್ತೇಲಿ ವಾಪಸ್ ಬನ್ನಿ. ದಿನಾ ಬೆಳಗ್ಗೆ ಕಾಫಿಗಿಂತ ಮುಂಚೆ ಅಲ್ಲಿನ ರಸ್ತೆ ಇಲಾಖೆಯ ಮ್ಯಾಪು, ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ, ಅದು ಹಳದಿ, ಕಿತ್ತಳೆ, ಕೆಂಪು ಅಂತ ಬರತ್ತೆ. ಕಿತ್ತಳೆ ಇದ್ರೆ ರೂಮಲ್ಲೇ ಇಸ್ಪೀಟ್ ಆಡಿ.

ಮತ್ತೆ ಉತ್ತರದ ಆಕುರೇರಿ, ಪೂರ್ವದ ಎಗಿಲ್ಸ್‌ಸ್ಟಾದಿರ್ ಊರುಗಳಲ್ಲೂ ರೂಮ್ ಬುಕ್ ಮಾಡಿದೀನಿ ಅಂದ್ರಲ್ಲ, ಆ ಎರಡು ರಾತ್ರಿ ಕ್ಯಾನ್ಸಲ್ ಆಗತ್ತಾ ಇವತ್ತೇ ನೋಡಿ. ಆಗ್ಲಿಲ್ಲ ಅಂದ್ರೂ ಹೋದ್ರೆ ಹೋಗ್ಲಿ ಬಿಡಿ.